ಹುಲಿಗೆಮ್ಮನ ಚಟ್ನಿಪುಡಿ

ತುಂಗಭದ್ರೆಯ ದಂಡೆಯ ಮೇಲೆ ನಿರ್ವಾಣಯ್ಯ ಎಂಬ ಗುರುಗಳ ಸಣ್ಣ ಆಶ್ರಮವಿತ್ತು. ಸುತ್ತಲಿನ ಹಳ್ಳಿಯವರು ಕಷ್ಟ ಹೇಳಿಕೊಳ್ಳಲು ಅಲ್ಲಿಗೆ ಬರುತ್ತಿದ್ದರು.

ಒಂದು ಬೆಳಿಗ್ಗೆ ಗುರುಗಳು ಸ್ನಾನಕ್ಕೆಂದು ಹೊಳೆಗೆ ಇಳಿದಿದ್ದಾಗ ಹುಲಿಗೆಮ್ಮ ಎಂಬ ಹೆಂಗಸು ಬಂದಳು. ಆಶ್ರಮದಲ್ಲಿ ಶಿಷ್ಯ ಸೋಮಲಿಂಗ ಒಬ್ಬನೇ ಇದ್ದ.

ಹುಲಿಗೆಮ್ಮ ಶೇಂಗಾ ಚಟ್ನಿಪುಡಿ ಮಾಡಿ ಪಟ್ಟಣದ ಅಂಗಡಿಗಳಿಗೆ ಕೊಡುತ್ತಿದ್ದಳು. ಅವಳ ಓಣಿಯ ಕೆಲವು ಹೆಂಗಸರಿಗೂ ಅದರಿಂದಲೇ ಹೊಟ್ಟೆ ತುಂಬುತ್ತಿತ್ತು.

“ಮನ್ಯಾಗ ತಿಂದ್ರ ಬಾಳ ರುಚಿ ಇರ್ತೈತ್ರಿ,” ಅಂದಳು. “ಅಂಗಡ್ಯಾಗ ಸ್ವಲ್ಪ ದಿನ ಇಟ್ರ ಕಮಟು ನಾತ ಹೊಡೀತೈತಿ. ವಾಪಸ್ ಕಳಿಸಾಕತ್ಯಾರ. ಏನ್ ಮಾಡ್ಲಿ?”

ಸೋಮಲಿಂಗನಿಗೆ ಚಟ್ನಿಪುಡಿಯ ವಿಷಯ ಏನೂ ಗೊತ್ತಿರಲಿಲ್ಲ. ಆದರೆ ಆಶ್ರಮಕ್ಕೆ ಬಂದವರನ್ನು ಉತ್ತರ ಕೊಡದೆ ಕಳಿಸುವುದು ಹೇಗೆ? ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತ.

“ಎಣ್ಣೆ ಇನ್ನಷ್ಟು ಹಾಕಮ್ಮ,” ಅಂದ. “ಉಪ್ಪಿನಕಾಯಿ ಕೆಡದಂತೆ ಕಾಯುವುದು ಎಣ್ಣೆಯೇ ಅಲ್ಲವೇ? ದೇವರ ಹೆಸರು ಹೇಳಿ ಕುಟ್ಟು, ಎಲ್ಲ ಸರಿಹೋಗುತ್ತದೆ.”

ಅವಳು ಕಾಲಿಗೆ ಬಿದ್ದು ಹೋದಳು. ಸೋಮಲಿಂಗ ದಿನವಿಡೀ ಗೆಲುವಾಗಿದ್ದ.

ಕೆಲವು ವಾರ ಕಳೆದ ಮೇಲೆ ಹುಲಿಗೆಮ್ಮ ಮತ್ತೆ ಬಂದಳು. ಗುರುಗಳು ಶಿಷ್ಯನ ಜೊತೆ ಆಗ ತಾನೇ ಊಟಕ್ಕೆ ಕೂತಿದ್ದರು. ಅವಳು ಒಂದು ಪೊಟ್ಟಣ ಮುಂದಿಟ್ಟಳು.

“ಇವ್ರು ಹೇಳಿದ್ಹಂಗ ಎಣ್ಣಿ ಹಾಕಿದ್ಮ್ಯಾಲ ಮೊದಲಿಗಿಂತ ಲಗೂನ ಕೆಟ್ಟಿತ್ರಿ. ಅಂಗಡಿಯವ್ರು ಇನ್ನ ತರಬ್ಯಾಡ ಅಂದ್ರು. ಕೆಲಸ ನಿಲ್ಲಸ್ತೀನ್ರಿ. ನನ್ನ ಸಂಗಾಟ ಇದ್ದೋರು ಇಟ್ಟಂಗಿ ಭಟ್ಟಿಗೆ ಹೋಗೋ ಮಾತಾಡಾಕತ್ಯಾರ. ಹೇಳಿ ಹೋಗೂಣಂತ ಬಂದೆ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಸೋಮಲಿಂಗನಿಗೆ ಅದನ್ನೇ ತಡೆಯಲಾಗಲಿಲ್ಲ.

ಗುರುಗಳು ಪೊಟ್ಟಣ ಒಡೆದು ತಮ್ಮ ರೊಟ್ಟಿಯ ಮೇಲೆ ಪುಡಿ ಹಾಕಿಕೊಂಡು ಸುಮ್ಮನೆ ತಿಂದರು. ಆಮೇಲೆ ಶಿಷ್ಯನ ತಟ್ಟೆಗೂ ಬಡಿಸಿದರು.

“ತಿನ್ನು.”

ಸೋಮಲಿಂಗ ಒಂದು ತುತ್ತು ಬಾಯಿಗಿಟ್ಟ. ನುಂಗಲಾಗದೆ ನೀರು ಕುಡಿದ.

“ಕೆಟ್ಟಿದೆ, ಗುರುಗಳೇ.”

“ಏನು ಕೆಟ್ಟಿದೆ?”

“ಚಟ್ನಿಪುಡಿ.”

“ಅದರಲ್ಲಿ ನಿನ್ನದೆಷ್ಟು?”

ಸೋಮಲಿಂಗ ತಲೆ ತಗ್ಗಿಸಿದ. “ನನ್ನಿಂದ ತಪ್ಪಾಯಿತು. ಸರಿಯಾದ ದಾರಿ ನೀವೇ ಹೇಳಿಬಿಡಿ.”

“ನನಗೂ ಗೊತ್ತಿಲ್ಲ.”

ಗುರುಗಳ ಬಾಯಲ್ಲಿ ಆ ಮಾತನ್ನು ಅವನು ಕೇಳಿದ್ದು ಅದೇ ಮೊದಲು.

ಗುರುಗಳು ಹುಲಿಗೆಮ್ಮನ ಕಡೆ ತಿರುಗಿದರು. “ತಾಯಿ, ನಿಮ್ಮವರು ಭಟ್ಟಿಗೆ ಹೋಗದಂತೆ ಸ್ವಲ್ಪ ದಿನ ತಡೆಯಿರಿ. ಇವನು ಗೊತ್ತಿರುವವರನ್ನು ಹುಡುಕಿಕೊಂಡು ಬರುತ್ತಾನೆ.”

“ಎಲ್ಲಿ ಹುಡುಕಲಿ?” ಸೋಮಲಿಂಗ ಕೇಳಿದ.

“ಅದೂ ನನಗೆ ಗೊತ್ತಿಲ್ಲ. ಕೇಳುತ್ತಾ ಹೋಗು.”

ಸೋಮಲಿಂಗ ಆ ಪೊಟ್ಟಣ ಹಿಡಿದು ಪಟ್ಟಣಕ್ಕೆ ಹೋದ. ಬ್ಯಾಂಕಿನವರು ಸಾಲ ಬೇಕಾದರೆ ಕೊಡುತ್ತೇವೆ ಅಂದರು. ಒಂದು ಕಚೇರಿಯಲ್ಲಿ ಸಾಹೇಬರು ಇರಲಿಲ್ಲ. ಇನ್ನೊಂದರಲ್ಲಿ ಸಾಹೇಬರು ಇದ್ದರು, ಆದರೆ ಅದು ಅವರ ಕೆಲಸವಲ್ಲವಂತೆ. ದಣಿದು ಒಂದು ಬೇಕರಿಯ ಮುಂದೆ ಕೂತು, ಬೇಕರಿಯವನನ್ನೂ ಕೇಳಿದ.

“ನಾನು ಬ್ರೆಡ್ ಮಾಡಾಕ ಕಲ್ತಿದ್ದ ಅಲ್ಲೇ ಅಲ್ರೀ!” ಅಂದ ಅವನು. “ಕೃಷಿ ಕಾಲೇಜಿನ ಹಿಂದ ತರಬೇತಿ ಕೇಂದ್ರ ಐತಿ. ಮೆಹರುನ್ನಿಸಾ ಮೇಡಂ ಅದಾರ. ಹೋಗ್ರಿ.”

ಕೇಂದ್ರದಲ್ಲಿ ಒಲೆ, ಯಂತ್ರ, ತಕ್ಕಡಿ ಎಲ್ಲವೂ ಇದ್ದವು. ಕುರ್ಚಿಗಳು ಬಹುತೇಕ ಖಾಲಿ. ಮೆಹರುನ್ನಿಸಾ ಪುಡಿಯನ್ನು ಬೆರಳಲ್ಲಿ ತಿಕ್ಕಿ ಮೂಸಿದರು.

“ಬಿಸಿ ಇರುವಾಗಲೇ ಪ್ಯಾಕ್ ಮಾಡುತ್ತಾರಾ? ಅಂಗಡಿಯಲ್ಲಿ ಬಿಸಿಲು ಬೀಳುವ ಕಡೆ ಇಡುತ್ತಾರಾ?”

ಸೋಮಲಿಂಗ ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ.

“ಗೊತ್ತಿಲ್ಲ,” ಅಂದ.

ಆಕೆಯ ಮುಖದಲ್ಲಿ ತಾತ್ಸಾರ ಕಾಣಲಿಲ್ಲ. “ಇಷ್ಟು ಎಣ್ಣೆ ಹಾಕಲು ಹೇಳಿದ್ದು ಯಾರು?”

“ನಾನೇ.”

ಮೆಹರುನ್ನಿಸಾ ಜೋರಾಗಿ ನಕ್ಕುಬಿಟ್ಟರು. “ಸ್ವಾಮಿ, ಮಾಡುವವರನ್ನೇ ಕರೆದುಕೊಂಡು ಬನ್ನಿ. ಸರ್ಕಾರ ನನ್ನನ್ನು ಇಟ್ಟಿರುವುದೇ ಅದಕ್ಕೆ. ನಾವಿಲ್ಲಿ ಇರುವುದು ಅವರಿಗೆ ಗೊತ್ತಾಗುವುದಿಲ್ಲ. ಅವರೆಲ್ಲಿ ಒದ್ದಾಡುತ್ತಿದ್ದಾರೆ ಅಂತ ನಮಗೆ ಗೊತ್ತಾಗುವುದಿಲ್ಲ.”

ಹುಲಿಗೆಮ್ಮ ಬರಲು ಒಪ್ಪಲಿಲ್ಲ. “ನಾ ಸಾಲಿ ಮೆಟ್ಟಲಾನ ಹತ್ತಿಲ್ರಿ. ಅಲ್ಲೆ ನನ್ನ ನೋಡಿ ನಗ್ತಾರ.”

“ನನ್ನನ್ನು ನೋಡಿ ಆಗಲೇ ನಕ್ಕಿದ್ದಾರೆ,” ಅಂದ ಸೋಮಲಿಂಗ. “ಏನೂ ಆಗಲಿಲ್ಲ. ಬಾ, ಪಕ್ಕದಲ್ಲಿ ನಾನೂ ಕೂಡುತ್ತೇನೆ.”

ಇಬ್ಬರೂ ಕೂತು ಕಲಿತರು. ಸೋಮಲಿಂಗ ಶೇಂಗಾ ಹುರಿಯಲು ಹೋಗಿ ಕೈ ಸುಟ್ಟುಕೊಂಡ. ಹುರಿದದ್ದನ್ನು ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಬೇಕು, ಕಮಟು ಹಿಡಿಯುವುದು ಎಣ್ಣೆಯೇ ಆದ್ದರಿಂದ ಅದು ಬೇಡವೇ ಬೇಡ, ಗಾಳಿ ಬೆಳಕು ಒಳಗೆ ಹೋಗದ ದಪ್ಪ ಕವರು ಬೇಕು ಎಂದು ಮೇಡಂ ತೋರಿಸಿಕೊಟ್ಟರು.

ಹುಲಿಗೆಮ್ಮ ಮೊದಲ ಪ್ರಶ್ನೆಯನ್ನು ಸೆರಗಿನ ಮರೆಯಿಂದ ಕೇಳಿದಳು. ಆಮೇಲೆ ಅವಳನ್ನು ನಿಲ್ಲಿಸುವುದೇ ಕಷ್ಟವಾಯಿತು.

ಮೆಹರುನ್ನಿಸಾ ಒಮ್ಮೆ ಅವಳ ಮನೆಗೂ ಬಂದರು. ಒಲೆಯ ಹಬೆ ತಾಗುವಲ್ಲೇ ಪೊಟ್ಟಣ ಕಟ್ಟುತ್ತಿದ್ದುದನ್ನು ನೋಡಿ ಆ ಕೆಲಸವನ್ನು ಪಡಸಾಲೆಗೆ ಸಾಗಿಸಿದರು. “ಏನೇ ತೊಂದರೆ ಬಂದರೂ ಫೋನ್ ಮಾಡು,” ಎಂದು ಹೇಳಿಹೋದರು.

ಹೊಸ ಪುಡಿ ಅಂಗಡಿ ಸೇರಿತು. ಇನ್ನು ಕಾಯುವುದೊಂದೇ ಉಳಿದಿತ್ತು. ಸೋಮಲಿಂಗನಿಗೆ ಧ್ಯಾನಕ್ಕೆ ಕೂತರೂ ಮೂಗಿಗೆ ಕಮಟು ಹೊಡೆದಂತಾಗುತ್ತಿತ್ತು.

ಕೊನೆಗೊಂದು ಮುಂಜಾನೆ ಹುಲಿಗೆಮ್ಮ ಹೊಳೆಯ ದಾರಿಯಲ್ಲಿ ಓಡೋಡಿ ಬಂದಳು. ಏದುಸಿರು ಬಿಡುತ್ತಲೇ ಪೊಟ್ಟಣ ಹರಿದಳು. ಹುರಿದ ಶೇಂಗಾ, ಬೆಳ್ಳುಳ್ಳಿಯ ಘಮ ಎದ್ದಿತು.

“ನಾತ ಇಲ್ರೀ! ಆವತ್ತಿಂದ ಅಂಗಡ್ಯಾಗ ಇದ್ದದ್ದು ಇದು. ಇನ್ನಷ್ಟು ತಾ ಅಂತಾರ. ನಮ್ಮೋರು ಯಾರೂ ಭಟ್ಟಿಗೆ ಹೋಗೂದಿಲ್ರಿ ಇನ್ನ.”

ಅವಳು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ನಕ್ಕಳು. ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೋಮಲಿಂಗ ಹೊತ್ತ ಮೂಟೆ ಇಳಿಸಿದವನಂತೆ ಉಸಿರು ಬಿಟ್ಟ.

ಗುರುಗಳು ಆ ಮಧ್ಯಾಹ್ನ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಸುದ್ದಿ ಹೊಳೆಯಾಚೆಗೂ ಹೋಯಿತು. ಕಂಬಳಿ ನೇಯುವ ಬೀರಪ್ಪ ಎಂಬಾತ ದೋಣಿ ದಾಟಿ ಬಂದು ಸೋಮಲಿಂಗನ ಮುಂದೆ ಕೈಮುಗಿದ.

“ಬುದ್ಧಿ, ಈಗ ಕಂಬಳಿ ಯಾರೂ ಕೊಳ್ಳವಲ್ರು. ನೀವು ಹೇಳಿದ್ಹಂಗ ಮಾಡ್ತೀನಿ.”

ಸೋಮಲಿಂಗ ಕಂಬಳಿಯನ್ನು ಮುಟ್ಟಿ ನೋಡಿದ.

“ಇದರ ವಿಷಯ ನನಗೆ ಗೊತ್ತಿಲ್ಲ, ಬೀರಪ್ಪ. ಗೊತ್ತಿರುವವರು ಎಲ್ಲೋ ಇದ್ದೇ ಇರುತ್ತಾರೆ. ನಾಳೆ ಇಬ್ಬರೂ ಹೋಗಿ ಕೇಳೋಣ. ಈಗ ಊಟಕ್ಕೆ ಬಾ.”

ಬೀರಪ್ಪನ ಬಿಗಿದ ಮುಖ ಸಡಿಲವಾಯಿತು.

ಸಂಜೆ ಸೋಮಲಿಂಗ ಗುರುಗಳ ಬಳಿ ಬಂದು ಕೂತ.

“ಗುರುಗಳೇ, ಕೇಳಲು ಬಂದವನಿಗೆ ಉತ್ತರ ಕೊಡದೆ ಉಳಿಸಿಕೊಂಡಿದ್ದೇನೆ. ನಾನು ಏನಾದರೂ ಕಲಿತೆನೇ?”

ಗುರುಗಳು ಹೊಳೆಯನ್ನು ನೋಡುತ್ತಿದ್ದರು.

“ಅವನ ಜೊತೆ ಹೊರಟಿದ್ದೀಯಲ್ಲ, ಸಾಕು. ನಾಳೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅವನಿಗೆ ಬಿಡು.”