ಮೂರನೇ ಪೆಟ್ಟು

ಮೂಗು ಒರೆಸ್ಕೋ ಕೂಸೆ, ದಶಮಾಂಶದ ಚುಕ್ಕಿ ಲೆಕ್ಕ ತಪ್ಪಿತು ಅಂತ ಸಂಜೆಯಿಂದ ಅತ್ತಿದ್ದು ಸಾಕು. ಆ ಲೆಕ್ಕಕ್ಕೆ ಅತ್ತವಳು ನೀನೊಬ್ಬಳೇ ಅಲ್ಲ. ಕಂಬಳಿ ಎಳ್ಕೊ, ಹೇಳ್ತೀನಿ. ನಡುನಡುವೆ ಹೂಂ ಅನ್ನು, ಹೂಂಗುಟ್ಟೋರಿಲ್ದೆ ನಂಗೆ ಕತೆ ಬರಲ್ಲ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಯೂ ಹುಟ್ಟದೇ ಇದ್ದಾಗ, ಆಚೆ ದಡ ಕಾಣದಷ್ಟು ದೊಡ್ಡದೊಂದು ಕೆರೆ ಇತ್ತಂತೆ. ಆ ಕೆರೆ ದಡದಲ್ಲಿ ಮೋನಾಚಾರಿ ಅಂತ ಒಬ್ಬ ಕಂಚುಗಾರ. ತಾಮ್ರ, ತವರ, ಸತು ಮೂರನ್ನೂ ಕರಗಿಸಿ ಗಂಟೆ ಎರಕ ಹೊಯ್ಯೋದು ಅವನ ಕಸುಬು. ಮನೇಲಿ ಹೆಂಡ್ತಿ, ಕಾಳಪ್ಪ ಈರಣ್ಣ ಅಂತ ಇಬ್ಬರು ಗಂಡುಮಕ್ಕಳು, ಕಡೇಲಿ ದೇವೀರಿ ಅನ್ನೋ ಹುಡುಗಿ, ನಿನ್ನಷ್ಟೇ ವಯಸ್ಸು. ಚಳಿಗಾಲದಲ್ಲಿ ಆ ಕೆರೆ ಮೇಲೆ ಎಂಥ ಮಂಜು ಬೀಳ್ತಿತ್ತು ಅಂದ್ರೆ, ದೋಣೀಲಿ ಕೂತೋರಿಗೆ ತಮ್ಮ ಕೈಯೇ ತಮಗೆ ಕಾಣ್ತಿರಲಿಲ್ವಂತೆ. ಕೂಗಿದ್ರೂ ತಮಟೆ ಬಡಿದ್ರೂ ಸದ್ದು ಮಂಜಲ್ಲೇ ಇಂಗಿಹೋಗೋದು, ಕಂಚಿನ ದನಿ ಒಂದೇ ದಾಟ್ತಿದ್ದದ್ದು. ಅದಕ್ಕೇ ದಡದಲ್ಲಿ ಒಂದು ಗಂಟೆ ಕಟ್ಟಿದ್ರಂತೆ, ನೀರ ಮೇಲೆ ಎಷ್ಟು ಜನ ಇದ್ದಾರೋ ಅಷ್ಟು ಪೆಟ್ಟು ಹೊಡೆಯೋರಂತೆ. ದೋಣಿಯೋರು ಇದು ನನ್ನ ಪೆಟ್ಟು ಅಂದ್ಕೊಂಡು, ಆ ದನಿ ಹಿಡ್ಕೊಂಡು ಮನೆ ಸೇರೋರು.

ಆಮೇಲೆ ಒಂದು ವರ್ಷ ಆ ಗಂಟೆ ಸೀಳು ಬಿಡ್ತು. ಹೊಸದು ಹೊಯ್ಯೋಣ ಅಂತ ಮೋನಾಚಾರಿ ಮೂರು ಅಚ್ಚು ಮಾಡಿಟ್ಟ, ಯಾವುದು ಎಷ್ಟು ಅಂತ ಗೋಡೆ ಮೇಲೆ ಇದ್ದಿಲಲ್ಲಿ ಬರೆದಿಟ್ಟ. ಅಷ್ಟರಲ್ಲಿ ಆಚೆ ದಡದ ಗುಡಿಗೆ ದೀಪ ಕೊಟ್ಟು ಬರ್ತೀನಿ ಅಂತ ಹೋದೋನು ಮಂಜಿಗೆ ಸಿಕ್ಕಿಕೊಂಡ. ಇಲ್ಲಿ ಗಂಟೆ ಬಡಿದ್ರೆ ಲೊಟ್ ಲೊಟ್ ಅಂತು ಅಷ್ಟೇ. ಮಂಜು ಕರಗಿದ ಮೇಲೆ ಕೆರೆಯೆಲ್ಲ ಹುಡುಕಿದ್ರಂತೆ, ದೋಣೀನೂ ಸಿಗಲಿಲ್ಲ, ಅವನೂ ಸಿಗಲಿಲ್ಲ.

ಅವತ್ತಿಂದ ಅವ್ವ ಮಾತು ಬಿಟ್ಟಳಂತೆ. ಮೋನಾಚಾರಿ ಕುಲುಮೆಗೆ ಗಾಳಿ ಊದೋ ತಿದಿ ಒತ್ತುವಾಗ ದೇವೀರೀನ ಪಕ್ಕದಲ್ಲಿ ಕೂರಿಸ್ಕೊಂಡು ಒಂದು ಹಾಡು ಹೇಳ್ತಿದ್ದ. ಹುಡುಗಿ ಒಂದಿನ ಅದನ್ನ ಗುನುಗಿದ್ದಕ್ಕೆ, ಅವ್ವ ಓಡಿಬಂದು ಅವಳ ಬಾಯಿ ಮುಚ್ಚಿಬಿಟ್ಟಳು. ದೇವೀರಿ ಮತ್ತೆ ಅದನ್ನ ಹಾಡಲಿಲ್ಲ. ವರ್ಷ ತುಂಬೋದ್ರಲ್ಲಿ ಹಾಡು ಅರ್ಧ ಮರ್ತೇಹೋಯ್ತಂತೆ.

ಮತ್ತೆ ಚಳಿಗಾಲ ಹತ್ರ ಬಂತು. ಊರೋರು, ಗಂಟೆ ಇಲ್ದೆ ಇನ್ನೆಷ್ಟು ಜನ ಸಾಯಬೇಕು ಅಂತ ಕೇಳಿದ್ರು. ಕಾಳಪ್ಪ ಗೋಡೆ ನೋಡ್ದ. ತಾಮ್ರ .೭೫, ತವರ .೨, ಸತು .೦೫ ಅಂತಿತ್ತು. ಈ ಚುಕ್ಕಿ ಎಲ್ಲ ಮಸಿ ಸಿಡಿದಿರೋದು ಕಣೋ, ಸೊನ್ನೆಗಂತೂ ಬೆಲೆಯೇ ಇಲ್ಲ ಅಂತ, ತಾಮ್ರ ಎಪ್ಪತ್ತೈದು ಹಿಡಿ, ತವರ ಎರಡೇ ಹಿಡಿ, ಸತು ಐದು ಹಿಡಿ ಹಾಕ್ದ. ಆ ಗಂಟೆ ಮಡಕೆ ಬಡಿದ ಹಾಗೆ ಠೊಕ್ ಅಂತಂತೆ. ಆಮೇಲೆ ಈರಣ್ಣ, ನೀನು ತವರಕ್ಕೆ ಜಿಪುಣತನ ಮಾಡ್ದೆ ಅಣ್ಣ ಅಂತ, ಅಳತೆನೂ ಇಲ್ಲ ಗಿಳತೆನೂ ಇಲ್ಲ, ತವರ ಬಾಚಿ ಬಾಚಿ ಸುರಿದ. ಆ ಗಂಟೆ ಮೊದಲನೇ ಪೆಟ್ಟಿಗೇ ಎರಡು ಹೋಳಾಯ್ತಂತೆ. ಬೆರೆತ ಲೋಹಾನ ಬಿಡಿಸೋಕಾಗುತ್ತಾ? ತಾಮ್ರವೆಲ್ಲ ಹಾಳಾಯ್ತು, ಮೂರನೇ ಅಚ್ಚು ಮಾತ್ರ ಉಳೀತು. ಮಂಜಿಗೆ ಇನ್ನೂ ಎಂಟು ದಿನ ಇದೆ, ತಾಮ್ರ ತಂದುಬಿಡ್ತೀವಿ ಅಂತ ಅಣ್ಣ ತಮ್ಮ ಇಬ್ಬರೂ ದೋಣಿ ಹತ್ತಿದ್ರು.

ಮಂಜು ಎಂಟು ದಿನ ಕಾಯುತ್ತಾ ಕೂಸೆ? ಮೂರನೇ ದಿನಕ್ಕೇ ಬಿತ್ತು. ಅವ್ವ ಹೊಸಿಲ ಮೇಲೆ ಕೂತು ಬಿಳೀ ಮಂಜನ್ನೇ ನೋಡ್ತಿದ್ದಳಂತೆ, ಕಣ್ಣಲ್ಲಿ ನೀರೂ ಇಲ್ಲ. ಅಪ್ಪ ಹೋದ, ಈಗ ಅಣ್ಣಂದಿರೂ ಹೋಗ್ತಾರೆ, ಈ ಮನೇಲಿ ನಾನೂ ಅವ್ವಾನೂ ಇಬ್ಬರೇ ಉಳೀತೀವಿ ಅಂದ್ಕೊಂಡಳು ದೇವೀರಿ. ಹುಣಸೇ ಬೀಜ ಮಡಿಲು ತುಂಬ ತುಂಬ್ಕೊಂಡು ಗೋಡೆ ಮುಂದೆ ಕೂತು, ನೆನಪಿದ್ದಷ್ಟು ಹಾಡನ್ನ ಪಿಸುಗುಟ್ಟಿದಳಂತೆ.

ಚುಕ್ಕಿ ದಾಟಿ ಮನೆ ಎಷ್ಟು?
ಒಂದರ ಪಕ್ಕ ಸೊನ್ನೆ ಅಷ್ಟು.

ಎಪ್ಪತ್ತೈದು ಅಂದ್ರೆ ಏಳಕ್ಕೊಂದು ಐದಕ್ಕೊಂದು, ಚುಕ್ಕಿ ದಾಟಿ ಎರಡು ಮನೆ. ಒಂದರ ಪಕ್ಕ ಎರಡು ಸೊನ್ನೆ ಇಟ್ರೆ ನೂರು. ಹಾಗಾದ್ರೆ ನೂರರಲ್ಲಿ ಎಪ್ಪತ್ತೈದು ತಾಮ್ರ. ಅಷ್ಟು ಗೊತ್ತಾಯ್ತು. ಆದ್ರೆ ಮನೇಲಿದ್ದ ತೂಕದ ಕಲ್ಲು ಇಪ್ಪತ್ತೇ! ನೂರು ಕಲ್ಲು ಎಲ್ಲಿಂದ ತರೋದು, ನೂರು ಕಲ್ಲು ತೂಗೋ ಲೋಹ ಎಲ್ಲಿಂದ ತರೋದು? ಮುಂದಿನ ಸಾಲು ಎಷ್ಟು ತಡಕಿದ್ರೂ ಬರಲಿಲ್ಲ. ಹುಡುಗಿ ಬೀಜಗಳ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು.

ಆಗ ಹೊಸಿಲ ಕಡೆಯಿಂದ, ಒಂದು ವರ್ಷ ತೆರೆಯದ ಬಾಯಿ ತೆರೀತಂತೆ.

ಮೇಲೂ ಕೆಳಗೂ ಸರಿಸಮ ಕಡಿ,
ಇನ್ನು ಕಡಿಯದಿದ್ರೆ ಕೈಯ ತಡಿ.

ಅವ್ವ ಎದ್ದು ಬಂದು ಬೀಜದ ಮುಂದೆ ಕೂತಳು. ಮೇಲಿನ ಎಪ್ಪತ್ತೈದನ್ನ ಐದರಿಂದ ಕಡಿದ್ರೆ ಹದಿನೈದು, ಕೆಳಗಿನ ನೂರನ್ನೂ ಐದರಿಂದಲೇ ಕಡಿದ್ರೆ ಇಪ್ಪತ್ತು. ಇನ್ನೊಂದ್ಸಲ ಐದರಿಂದ ಕಡಿದ್ರೆ ಮೇಲೆ ಮೂರು, ಕೆಳಗೆ ನಾಕು. ಇನ್ನು ಕಡಿಯೋಕಾಗಲ್ಲ. ಮುಕ್ಕಾಲು! ನೋಡು, ಸಂತೆಗೆ ಹೋಗೋ ಮುದುಕೀರಿಗೂ ಗೊತ್ತಿರೋ ಮುಕ್ಕಾಲು ಆ ಚುಕ್ಕಿ ಹಿಂದೆ ಬಚ್ಚಿಟ್ಕೊಂಡಿತ್ತು. ಆಮೇಲೆ ತವರಕ್ಕೆ ಒಂದೇ ಮನೆ, ಹತ್ತರಲ್ಲಿ ಎರಡು, ಎರಡರಿಂದ ಕಡಿದ್ರೆ ಐದರಲ್ಲಿ ಒಂದು. ಸತುವಿಗೆ ಬಂದಾಗ ದೇವೀರಿ ಆತುರದಲ್ಲಿ ಸೊನ್ನೆ ಹಾರಿಸಿ, ಹತ್ತರಲ್ಲಿ ಐದು, ಅಂದ್ರೆ ಅರ್ಧ ಅಂದಳು.

ಅವ್ವ ಅವಳ ಕೈ ಹಿಡ್ಕೊಂಡಳಂತೆ. ಆ ಮನೆ ಬಿಟ್ಟೆಯಲ್ಲ ಮಗಳೇ ಅಂದಳು. ಅದರಲ್ಲಿ ಯಾರೂ ಇಲ್ವಲ್ಲವ್ವ ಅಂತು ಹುಡುಗಿ. ಖಾಲಿ ಮನೆಯೂ ಮನೆಯೇ, ಎಣಿಸಬೇಕು ಅಂತಿದ್ದ ನಿಮ್ಮಪ್ಪ ಅಂದು, ಅವ್ವ ಆಗ ಅತ್ತಳಂತೆ, ವರ್ಷದ ಅಳೂನೆಲ್ಲ ಒಟ್ಟಿಗೆ.

ನೂರರಲ್ಲಿ ಐದು, ಕಡಿದ್ರೆ ಇಪ್ಪತ್ತರಲ್ಲಿ ಒಂದು. ಇರೋ ಇಪ್ಪತ್ತು ಕಲ್ಲಿಗೆ ತಾಮ್ರ ಹದಿನೈದು, ತವರ ನಾಕು, ಸತು ಒಂದು. ಕೂಡಿದ್ರೆ ಸರಿಯಾಗಿ ಇಪ್ಪತ್ತು. ತವರ, ಸತು ಮೂಲೇಲಿ ಉಳಿದಿತ್ತು. ತಾಮ್ರ? ಅಪ್ಪ ಕೊನೇ ದಿನ ಸ್ನಾನ ಮಾಡಿದ ಹಂಡೇನ ಅವ್ವ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ. ಈಗ ತಾನೇ ಉರುಳಿಸ್ಕೊಂಡು ಬಂದಳು. ಅದು ಹನ್ನೆರಡು ಕಲ್ಲು ತೂಗ್ತು. ಅವಳ ತವರುಮನೆಯ ತಾಮ್ರದ ಬಿಂದಿಗೆ ಮೂರು ಕಲ್ಲು ತೂಗ್ತು.

ತಾಯಿ ತಿದಿ ಒತ್ತಿದಳು, ಮಗಳು ಕುಲುಮೆ ನೋಡ್ಕೊಂಡಳು. ಎರಕ ಹೊಯ್ದು, ಒಂದು ಹಗಲು ಒಂದು ರಾತ್ರಿ ಆರೋಕೆ ಬಿಟ್ಟು, ಅಚ್ಚು ಒಡೆದು, ಊರೋರ ಕೈಲಿ ದಡದಲ್ಲಿ ಕಟ್ಟಿಸಿದ್ರು. ದೇವೀರಿ ಕಾಳಪ್ಪನಿಗೊಂದು ಪೆಟ್ಟು ಹೊಡೆದಳು, ಈರಣ್ಣನಿಗೊಂದು ಪೆಟ್ಟು ಹೊಡೆದಳು. ಆ ದನಿ ಮಂಜೊಳಗೆ ಹೋಗಿ ಹೋಗಿ ಎಷ್ಟೋ ಹೊತ್ತು ನಿಲ್ಲಲಿಲ್ವಂತೆ. ಅವಳು ಕೈ ಇಳಿಸಿದಾಗ ಅವ್ವ, ಇನ್ನೊಂದು ಹೊಡಿ ಅಂದಳು. ಯಾರಿಗೆ ಅಂತ ದೇವೀರಿ ಕೇಳಲಿಲ್ಲ. ಮೂರನೇದನ್ನ ಹೊಡೆದಳು.

ಹಾಗೇ ಮೂರು ಮೂರು ಪೆಟ್ಟು, ಹೊತ್ತು ಇಳಿಯೋವರೆಗೂ. ಆಮೇಲೆ ನೀರಲ್ಲಿ ಹುಟ್ಟು ಹಾಕೋ ಸದ್ದು ಕೇಳಿಸ್ತಂತೆ. ಹಸಿದು, ಚಳಿಗೆ ನೀಲಿಯಾಗಿ, ಅಣ್ಣ ತಮ್ಮ ಇಬ್ಬರೂ ದಡ ಮುಟ್ಟಿದ್ರು. ಕಾಳಪ್ಪ ಇಳಿದೋನೇ ಹಿಂದಕ್ಕೆ ತಿರುಗಿ ಮಂಜನ್ನ ನೋಡಿ, ಮೂರು ಪೆಟ್ಟು ಕೇಳಿಸ್ತಲ್ಲವ್ವ, ಅಪ್ಪನೂ ಬರ್ತಿದ್ದಾನಾ ಅಂದ.

ಏನು, ನೀನೂ ಅದನ್ನೇ ಕೇಳ್ತೀಯಾ? ಇಲ್ಲ ಕೂಸೆ. ಅವನು ಬರಲಿಲ್ಲ. ಸುಳ್ಳು ಹೇಳಿ ನಿನ್ನ ಮಲಗಿಸೋಳಲ್ಲ ನಾನು.

ಆದ್ರೆ ಅವತ್ತಿಂದ ಆ ಕೆರೇಲಿ ಇನ್ನೊಬ್ಬರೂ ಕಳೆದುಹೋಗಲಿಲ್ವಂತೆ. ದೇವೀರಿ ಅಣ್ಣಂದಿರಿಗೂ ಚುಕ್ಕಿ ಲೆಕ್ಕ ಕಲಿಸಿದಳು. ಅವ್ವ ಹಾಡ್ಕೊಂಡು ತಿದಿ ಒತ್ತೋಳು, ಮೂವರೂ ಗಂಟೆ ಹೊಯ್ದು ಬದುಕಿದ್ರು. ಮಂಜು ಬಿದ್ದಾಗೆಲ್ಲ, ನೀರ ಮೇಲೆ ಎಷ್ಟು ಜನ ಇದ್ರೂ, ಒಂದು ಪೆಟ್ಟು ಹೆಚ್ಚಿಗೆ ಹೊಡೆಯೋರಂತೆ. ಗೊತ್ತಿಲ್ಲದೋರು ಲೆಕ್ಕ ತಪ್ಪಿತು ಅಂದ್ರೆ ದೇವೀರಿ, ಇಲ್ಲ, ಸರಿಯಾಗಿದೆ ಅನ್ನೋಳು.

ಕತೆ ಇಲ್ಲಿಗೆ ದಡ ಸೇರ್ತು. ಹೂಂ ಅನ್ನೋದು ಆಗಲೇ ನಿಂತುಹೋಗಿದೆ, ನಿದ್ದೆ ಬಂತೇನೋ. ನಾಳೆ ಲೆಕ್ಕದಲ್ಲಿ ಸೊನ್ನೆ ಕಂಡ್ರೆ ಹಾರಿಸ್ಬೇಡ, ಕೂಸೆ.