ಮಣಿಯನ್ನು ಎತ್ತ ತಟ್ಟಬೇಕು

ಹೊಳೆಯ ದಂಡೆಯಲ್ಲಿ ಗಾದ್ರಯ್ಯ ಅಂತ ಒಬ್ಬ ಗುರು ಇದ್ದ. ಬೇಟೆಗಾರರಿಗೆ ಗುರು. ಹಾರುವ ಸೊಳ್ಳೆಯ ಎಡಮೀಸೆಯನ್ನು ಮಾತ್ರ ಗುಂಡಿನಿಂದ ಹಾರಿಸಿ ಬಲಮೀಸೆಯನ್ನು ಹಾಗೇ ಉಳಿಸುತ್ತಿದ್ದ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆ ಸೊಳ್ಳೆಯನ್ನು ನಮ್ಮ ತಾತ ಕಣ್ಣಾರೆ ಕಂಡಿದ್ದ.

ಅವನಿಗೆ ಇಬ್ಬರು ಶಿಷ್ಯರು. ಕಾಟಯ್ಯ ಹಳಬ, ಮೀಸೆ ಮೂಡುವ ಮೊದಲೇ ಬಂದು ಸೇರಿದವನು. ಓಬಳ ಹೊಸಬ, ಹೋದ ಸುಗ್ಗಿಯಲ್ಲಿ ಬಂದವನು.

ಒಂದು ದಿನ ಊರವರು ಹೊಸ ಕೋವಿಯೊಂದನ್ನು ತಂದು ಗುರುವಿನ ಮುಂದಿಟ್ಟರು.

"ಅಯ್ಯ, ಹಂದಿಗಳು ಶೇಂಗಾ ಹೊಲ ಉಳಿಸ್ತಾ ಇಲ್ಲ. ಇದನ್ನ ಯಾರ ಕೈಗೆ ಕೊಡಬೇಕೋ ನೀವೇ ಕೊಡಿ."

ಕಾಟಯ್ಯ ಪಂಚೆಗೆ ಕೈ ಒರೆಸಿಕೊಂಡು ಮುಂದೆ ಬಂದ.

"ಓಬಳಾ, ತಗೋ. ನಾಳೆ ಬೆಳಿಗ್ಗೆ ಗುರಿ ಕೂಡಿಸು," ಅಂದ ಗುರು.

ಕಾಟಯ್ಯ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ನನಗೆ, ಅಯ್ಯ?"

"ನಿನ್ನ ಹಳೇ ಕೋವಿ ಎಲ್ಲಿ ಹೋಯ್ತೋ?"

ಅವತ್ತು ಕಾಟಯ್ಯ ಮುದ್ದೆ ಮುಟ್ಟಲಿಲ್ಲ. ಓಬಳ ಕೋವಿಗೆ ಎಣ್ಣೆ ಸವರುತ್ತಿದ್ದರೆ ಇವನ ಹೊಟ್ಟೆಗೆ ಕೆಂಡ ಸುರಿದಂತಾಗುತ್ತಿತ್ತು. ಆ ಉರಿಗೆ, ಪಕ್ಕದಲ್ಲಿ ಮಲಗಿದ್ದ ನಾಯಿ ಎದ್ದುಹೋಗಿ ಹೊಳೆಯೊಳಗೆ ಕೂತಿತಂತೆ.

ಸಂಜೆ ಕಾಟಯ್ಯ ಹಳೇ ಕೋವಿ ಎತ್ತಿಕೊಂಡು ಬೂದುಗುಂಬಳಕ್ಕೆ ಗುರಿಯಿಟ್ಟ. ಗುಂಡು ತಪ್ಪಿತು. ಹತ್ತು ಮಾರು ದೂರದ ಕುಂಬಳ!

"ಏನಾಯ್ತೋ?" ಅಂದ ಗುರು.

"ಗಾಳಿ, ಅಯ್ಯ."

ಎಲೆ ಅಲ್ಲಾಡುತ್ತಿರಲಿಲ್ಲ.

ಬೆಳಿಗ್ಗೆ ಓಬಳ ಹೊಸ ಕೋವಿಯನ್ನು ಹೊಂಗೆ ಮರಕ್ಕೆ ಒರಗಿಸಿ ಹೊಳೆಗೆ ಇಳಿದ. ಕೋವಿಯ ನಳಿಗೆಯ ತುದಿಯಲ್ಲಿ ಜೋಳದ ಕಾಳಿನಷ್ಟು ಒಂದು ಮಣಿ ಇರುತ್ತದೆ. ಗುರಿ ನೋಡುವುದು ಅದರ ಮೇಲೆ. ಹೊಸ ಕೋವಿಯ ಗುಂಡು ಅತ್ತಿತ್ತ ಹೋದರೆ ಆ ಮಣಿಯನ್ನು ತಟ್ಟಿ ತಟ್ಟಿ ಹದಕ್ಕೆ ತರಬೇಕು. ಗುರಿ ಕೂಡಿಸುವುದು ಅಂದರೆ ಇಷ್ಟೇ.

ಕಾಟಯ್ಯ ಮರದ ಸುತ್ತಿಗೆ ತಂದು ಮಣಿಯನ್ನು ಬಲಕ್ಕೆ ಒಂದೇಟು ತಟ್ಟಿದ. ಮಣಿ ಬಲಕ್ಕೆ ಸರಿದರೆ ಗುಂಡು ಎಡಕ್ಕೆ ಹೋಗುತ್ತದೆ. ಇದು ಕಾಟಯ್ಯನಿಗೆ ಗೊತ್ತು, ಓಬಳನಿಗೆ ಗೊತ್ತಿಲ್ಲ.

ಓಬಳನ ಮುಖ ಸಪ್ಪಗಾಗುವುದನ್ನು ಕಣ್ತುಂಬ ನೋಡಬೇಕಲ್ಲ? ಗುರಿಗೆಂದು ಬಂಡೆಯ ಮೇಲೆ ಸೋರೆಬುರುಡೆ ಇಟ್ಟಿದ್ದರು. ಅದರ ಎಡಕ್ಕೆ, ದೂರದಲ್ಲಿದ್ದ ತಂಗಡಿ ಪೊದೆಯಲ್ಲಿ ಕಾಟಯ್ಯ ಹೋಗಿ ಅಡಗಿ ಕೂತ.

ಗುರು ಬಂದು ಕಲ್ಲಿನ ಮೇಲೆ ಕೂತ. ಓಬಳ ಕೋವಿ ಎತ್ತಿದ.

ಢಂ!

ಬುರುಡೆ ಅಲ್ಲಾಡಲಿಲ್ಲ. ಅದರ ಎಡಗಡೆ ಮಣ್ಣು ಹಾರಿತು. ಪೊದೆಯೊಳಗೆ ಕಾಟಯ್ಯ ಬಾಯಿಗೆ ಟವಲು ತುರುಕಿಕೊಂಡು ನಕ್ಕ.

"ಎಡಕ್ಕೆ ಹೋಯ್ತಯ್ಯ. ಹಂಗಾದ್ರೆ ಮಣೀನ ಬಲಕ್ಕೆ ತಟ್ಟಲಾ?" ಅಂದ ಓಬಳ.

"ಕೋವಿ ನಿಂದು."

ಓಬಳ ಬಲಕ್ಕೆ ತಟ್ಟಿದ. ಢಂ! ಗುಂಡು ಇನ್ನೂ ಎಡಕ್ಕೆ ಬಂತು.

ಕಾಟಯ್ಯನ ನಗು ನಿಂತಿತು.

"ಸಾಲಲಿಲ್ಲ ಅಂತ ಕಾಣ್ತದೆ," ಅಂತ ಓಬಳ ಬಲಕ್ಕೇ ಇನ್ನೊಂದೇಟು ಬಲವಾಗಿ ತಟ್ಟಿದ.

ಢಂ!

ಪೊದೆಯೊಳಗಿಂದ ಒಂದು ರುಮಾಲು ಹಾರಿತು. ಆ ರುಮಾಲು ಹೊಳೆ ದಾಟಿ ಆಚೆ ದಡದ ಮೇಕೆಯ ತಲೆಗೆ ಸರಿಯಾಗಿ ಸುತ್ತಿಕೊಂಡಿತು. ಮೇಕೆ ಸಾಯುವವರೆಗೂ ಅದನ್ನು ಬಿಚ್ಚಲಿಲ್ಲ.

"ಎಡಕ್ಕೆ ತಟ್ಟೋ ದಡ್ಡ ನನ್ಮಗನೇ, ಎಡಕ್ಕೆ!" ಅಂತ ಕೂಗುತ್ತಾ ಕಾಟಯ್ಯ ಬೋಳುತಲೆಯಲ್ಲಿ ಎದ್ದು ನಿಂತ.

ಓಬಳನ ಕೈಯಿಂದ ಕೋವಿ ಜಾರಿತು. "ಕಾಟಣ್ಣಾ! ನೀನಲ್ಲಿ ಏನು ಮಾಡ್ತಿದ್ದೆ? ನಿಂಗೇನಾದ್ರೂ ಆಗಿದ್ರೆ ನಾನು ಯಾರಿಗೆ ಮುಖ ತೋರಿಸಲಿ?" ಅವನಿಗೆ ಅಳುವೇ ಬಂದಿತ್ತು.

ಬೈಗುಳಕ್ಕೆ ಸಿದ್ಧನಾಗಿದ್ದ ಕಾಟಯ್ಯನಿಗೆ ಆ ಅಳುವನ್ನು ತಾಳಲಾಗಲಿಲ್ಲ. ಬಂದು ಗುರುವಿನ ಮುಂದೆ ನಿಂತ.

"ಮೊದಲನೇ ಏಟು ತಟ್ಟಿದ್ದು ನಾನು, ಅಯ್ಯ. ಇಷ್ಟು ವರ್ಷ ನಿಮ್ಮ ಕಾಲು ಒತ್ತಿದೆ. ಮೊನ್ನೆ ಬಂದವನ ಕೈಗೆ ಕೋವಿ ಕೊಟ್ಟಿರಿ. ತಡೀಲಿಲ್ಲ."

ಗುರು ಬೈಯಲಿಲ್ಲ. ಸುತ್ತಿಗೆಯನ್ನು ಕೈಗೆ ತೆಗೆದುಕೊಂಡ.

"ಗುಂಡು ಎಡಕ್ಕೆ ತಪ್ಪಿದರೆ ಮಣೀನ ಎತ್ತ ತಟ್ಟಬೇಕೋ?"

"ಎಡಕ್ಕೇ, ಅಯ್ಯ. ತಪ್ಪಿದ ಕಡೆಗೇ."

"ನಿನ್ನೆ ಸಂಜೆ ನಿನ್ನ ಗುಂಡು ತಪ್ಪಿತಲ್ಲ. ಗಾಳಿಯೋ?"

"ಇಲ್ಲ. ಕಣ್ಣು ಅತ್ತ ಹೋಗಿತ್ತು."

"ಎತ್ತ?"

ಕಾಟಯ್ಯ ಓಬಳನ ಕಡೆ ಗದ್ದ ಎತ್ತಿ ತೋರಿಸಿದ.

ಗುರು ಸುತ್ತಿಗೆಯಿಂದ ಅವನ ಬೆನ್ನಿಗೆ ಮೆಲ್ಲಗೆ ಒಂದೇಟು ತಟ್ಟಿದ. ಕಾಟಯ್ಯ ಓಬಳನ ಕಡೆಗೆ ಒಂದು ಹೆಜ್ಜೆ ಸರಿದು ನಿಂತ.

ಗುರು ಒಂದು ಕಣ್ಣು ಮುಚ್ಚಿ ನೋಡಿದ.

"ಇನ್ನೂ ಒಂಚೂರು ಅತ್ತ," ಅಂದ.