ನೀರಿನ ನಡುವೆ ಹೊಡೆದ ಗೂಟ

ನದಿಯ ದಡದ ಆಶ್ರಮದಲ್ಲಿ ಮಾದಯ್ಯ ಗುರುಗಳು ನಕ್ಷೆ ಬರೆಯುವುದನ್ನು ಕಲಿಸುತ್ತಿದ್ದರು.

ಶಿಷ್ಯೆ ದೇವೀರಿಯ ಪಾಲಿಗೆ ಬಂದದ್ದು ಉತ್ತರ ಧ್ರುವದ ಬಳಿಯ ಒಂದು ಕರಾವಳಿ. ಅವಳು ಅದನ್ನು ಕಂಡವಳಲ್ಲ. ಮೋಡವಿರಲಿ, ಕತ್ತಲಿರಲಿ, ಉಪಗ್ರಹದ ರೇಡಾರ್ ಚಿತ್ರ ತೆಗೆದು ಕಳಿಸುತ್ತಿತ್ತು. ಅದನ್ನು ನೋಡಿ, ನೆಲ ಮುಗಿದು ಕಡಲು ಶುರುವಾಗುವಲ್ಲಿ ಅವಳು ಗೆರೆ ಎಳೆಯಬೇಕು.

ಆ ಗೆರೆಯನ್ನು ನಂಬಿ ಅಲ್ಲಿನ ಒಂದು ಹಳ್ಳಿಗೆ ಔಷಧಿಯ ದೋಣಿ ಹೊರಡುವುದಿತ್ತು.

ದೇವೀರಿ ನಕ್ಷೆಯನ್ನೂ ಎರಡು ಬೇಸಿಗೆಯ ಎರಡು ಚಿತ್ರಗಳನ್ನೂ ತಂದಿಟ್ಟಳು.

“ಚಿತ್ರ ಎರಡಿವೆಯಲ್ಲ. ಈ ಗೆರೆ ಯಾವುದರದ್ದು?” ಗುರುಗಳು ಕೇಳಿದರು.

“ಎರಡರದ್ದೂ, ಗುರುಗಳೇ. ಹೋದ ಬೇಸಿಗೆಯಲ್ಲಿ ದಡ ಮುಂದಿತ್ತು. ಹೆಪ್ಪುಗಟ್ಟಿದ ಮಣ್ಣು ಕರಗಿ ಕುಸಿದು, ಈ ಬೇಸಿಗೆಗೆ ಹಿಂದೆ ಹೋಗಿದೆ. ಅದಕ್ಕೇ ನಡುವೆ ಎಳೆದೆ. ಪೂರ್ತಿ ತಪ್ಪು ಅಂತ ಯಾರೂ ಅನ್ನುವಂತಿಲ್ಲ.”

“ಜಾಣೆ. ಗೂಟ, ಸುತ್ತಿಗೆ ತಗೊಂಡು ಬಾ.”

ಗುರುಗಳು ಹೋಗಿ ಹೊಳೆಯಲ್ಲಿದ್ದ ಹರಿಗೋಲಿನಲ್ಲಿ ಕುಳಿತರು. ಅದರ ಹಗ್ಗವನ್ನು ಅವಳ ಕೈಗೆ ಎಸೆದರು.

“ಹೋದ ವರ್ಷ ಈ ಹೊಳೆಯ ದಡ ಎಲ್ಲಿತ್ತು?”

“ಆ ಮುಳುಗಿದ ಬಂಡೆಯ ಹತ್ತಿರ.”

“ಈಗ?”

“ನನ್ನ ಕಾಲ ಬುಡದಲ್ಲಿ.”

“ಎರಡರ ನಡುವೆ ಹೊಡೆ.”

ದೇವೀರಿ ಸೊಂಟದ ತನಕ ನೀರಿಗಿಳಿದಳು. ಹಟ ಹಿಡಿದು ಗೂಟ ಹೊಡೆದು ಹಗ್ಗ ಕಟ್ಟಿದಳು.

ನೀರಿನ ಸೆಳೆತಕ್ಕೆ ಗೂಟ ಕೆಸರಿನಿಂದ ಕಿತ್ತು ಬಂತು. ಹರಿಗೋಲು ಗಿರ್ರನೆ ತಿರುಗಿ ಹೊಳೆಯ ಪಾಲಾಗತೊಡಗಿತು.

“ನಾನು ಹೊರಟೆ, ದೇವೀರಿ. ಪೂರ್ತಿ ತಪ್ಪೇನೂ ಹೊಡೆದಿಲ್ಲ ನೀನು.”

ಅವಳು ಹಗ್ಗ ಹಿಡಿದು ಎಳೆದಳು. ಅಂಗೈ ಸುಲಿಯಿತು, ಬಿಡಲಿಲ್ಲ. ದಡ ಹತ್ತಿದಳು. ಈಗ ಇರುವ ನೆಲದಲ್ಲಿ ಗೂಟ ಊರಿ ಹೊಡೆಯತೊಡಗಿದಳು.

“ಈ ಬೇಸಿಗೆಯ ಚಿತ್ರದ ಮೇಲೇ ಎಳೆಯುತ್ತೇನೆ, ಗುರುಗಳೇ.”

“ಸರಿ.”

ಸುತ್ತಿಗೆ ನಿಂತಿತು.

“ಆದರೆ ಬರುವ ವರ್ಷ ಈ ದಡವೂ ಕುಸಿಯುತ್ತದೆ.”

“ಕುಸಿಯುತ್ತದೆ.”

“ಆ ಕರಾವಳಿಯಲ್ಲಿ ನನ್ನ ಗೆರೆಯೂ ಸುಳ್ಳಾಗುತ್ತದೆ.”

“ಆಗುತ್ತದೆ.”

“ಮತ್ತೆ ಇಷ್ಟು ಗಟ್ಟಿಯಾಗಿ ಯಾಕೆ ಹೊಡೆಯಬೇಕು?”

ಹರಿಗೋಲು ಇನ್ನೂ ಹೊಯ್ದಾಡುತ್ತಿತ್ತು. ಗುರುಗಳು ಎದ್ದು ನಿಂತು, ಒಂದು ಕಾಲನ್ನು ದಡದ ಕಡೆಗೆ ಚಾಚಿದರು.

“ನಾನು ಇಳಿಯಬೇಕಾದದ್ದು ಈಗ.”